ಹೆಸರು ಕಾಪಾಡಿದ ಬೆಟ್ಟ

ಮೆಕ್ಸಿಕೊ ದೇಶದ ಪುಯೆಬ್ಲಾ ನಗರದ ಪಶ್ಚಿಮಕ್ಕೆ ಚೊಲುಲಾ ಎಂಬ ಊರಿದೆ. ಅಲ್ಲಿ ಹುಲ್ಲು ಮರಗಳಿಂದ ಮುಚ್ಚಿದ ಒಂದು ಗುಡ್ಡ. ಅದರ ನೆತ್ತಿಯ ಮೇಲೊಂದು ಇಗರ್ಜಿ. ದೂರದಿಂದ ನೋಡಿದವರಿಗೆ ಅದು ಪ್ರಕೃತಿನಿರ್ಮಿತವೆಂದೇ ತೋರುತ್ತದೆ. ಆದರೆ ಆ ನೆಲದ ಮೂಲನಿವಾಸಿಗಳ ನಹುವಾತ್ಲ್ ಭಾಷೆಯಲ್ಲಿ ಅದರ ಹೆಸರು ‘ತ್ಲಾಚಿವಾಲ್ತೆಪೆತ್ಲ್’. ‘ಕೈಯಿಂದ ಮಾಡಿದ ಬೆಟ್ಟ’ ಎಂಬುದು ಅದರ ಅರ್ಥ. ಕಣ್ಣಿಗೆ ಮರೆಯಾದುದನ್ನು ಭಾಷೆ ಮರೆತಿರಲಿಲ್ಲ.

1931ರಲ್ಲಿ ವಾಸ್ತುಶಿಲ್ಪಿ ಇಗ್ನಾಸಿಯೊ ಮಾರ್ಕಿನಾ ಅವರ ನೇತೃತ್ವದಲ್ಲಿ ಉತ್ಖನನ ಆರಂಭವಾಯಿತು. ಮೇಲಿನ ಇಗರ್ಜಿಗೆ ಧಕ್ಕೆಯಾಗದಂತೆ ಗುಡ್ಡದೊಳಗೆ ಸುರಂಗಗಳನ್ನು ಕೊರೆಯಲಾಯಿತು. ಮುಂದಿನ ದಶಕಗಳಲ್ಲಿ ಅವುಗಳ ಒಟ್ಟು ಉದ್ದ ಸುಮಾರು 8 ಕಿಲೋಮೀಟರಿಗೆ ಬೆಳೆಯಿತು. ಒಳಗೆ ಕಂಡದ್ದು ಹಸಿ ಇಟ್ಟಿಗೆಯ ಪಿರಮಿಡ್. ಒಂದು ಕಟ್ಟಡವನ್ನು ಕೆಡವದೆ ಅದರ ಮೇಲೆಯೇ ಇನ್ನೊಂದನ್ನು ಕಟ್ಟುತ್ತ, ಅನೇಕ ತಲೆಮಾರುಗಳು ಅದನ್ನು ಬೆಳೆಸಿದ್ದವು. ಅದರ ತಳದ ಒಂದೊಂದು ಬದಿಯೂ ಸುಮಾರು 400 ಮೀಟರ್. ಎತ್ತರದಲ್ಲಿ ಈಜಿಪ್ಟಿನ ಗೀಜಾದ ಮಹಾಪಿರಮಿಡ್ಡಿಗಿಂತ ಕಿರಿದಾದರೂ ಘನಗಾತ್ರದಲ್ಲಿ ಇದೇ ಹಿರಿದು.

ಹೊಸ ಜನರು ಬಂದು ನೆಲೆಸಿದಾಗ ಊರಿನ ಧಾರ್ಮಿಕ ಕೇಂದ್ರವು ಕೆಟ್ಜಾಲ್ಕೋವಾತ್ಲ್ ದೇವರ ಗುಡಿಗೆ ಸರಿಯಿತು. ಹಳೆಯ ಪಿರಮಿಡ್ಡಿನ ಮೇಲೆ ಹುಲ್ಲು ಬೆಳೆಯಿತು. ಆದರೂ ಅದು ಪಾಳುದಿಬ್ಬವಾಗಲಿಲ್ಲ. ಜನರು ಅಲ್ಲಿ ತಮ್ಮವರ ಶವಗಳನ್ನು ಹೂಳಿದರು, ಮಳೆಯ ದೇವತೆಯನ್ನು ಪೂಜಿಸಿದರು. 1519ರಲ್ಲಿ ಹರ್ನಾನ್ ಕೊರ್ಟೆಸನ ಸ್ಪ್ಯಾನಿಷ್ ಸೇನೆ ಚೊಲುಲಾದಲ್ಲಿ ಘೋರ ನರಮೇಧ ನಡೆಸಿತು. ಕೆಟ್ಜಾಲ್ಕೋವಾತ್ಲ್ ಗುಡಿಯಿದ್ದ ಕಡೆ ಕ್ರೈಸ್ತ ಸನ್ಯಾಸಿಗಳ ಮಠ ಎದ್ದಿತು. ಅದೇ ಶತಮಾನದ ಕೊನೆಯ ಭಾಗದಲ್ಲಿ ಗುಡ್ಡದ ನೆತ್ತಿಯ ಮೇಲೆ ಮಾತೆ ಮೇರಿಯ ಇಗರ್ಜಿ ನಿಂತಿತು. ದೇವರ ಹೆಸರು ಬದಲಾಯಿತು. ಬೆಟ್ಟ ಹತ್ತುವ ವಾಡಿಕೆ ನಿಲ್ಲಲಿಲ್ಲ. ಇಂದಿಗೂ ಸೆಪ್ಟೆಂಬರ್ ತಿಂಗಳ ಉತ್ಸವಕ್ಕೆ ಯಾತ್ರಿಕರು ಅದೇ ಏರುದಾರಿಯಲ್ಲಿ ಸಾಗುತ್ತಾರೆ.

ಹೀಗೆ ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಜನವಸತಿ ಕಂಡ ಊರಿನಲ್ಲಿ ಗತಕಾಲವು ವರ್ತಮಾನದ ವ್ಯಾಜ್ಯವೂ ಹೌದು. 2014ರಲ್ಲಿ ಪಿರಮಿಡ್ಡಿನ ಸುತ್ತ ಪ್ರವಾಸಿ ಉದ್ಯಾನ ನಿರ್ಮಿಸುವ ಸರ್ಕಾರದ ಯೋಜನೆಯನ್ನು ಊರವರು ಪ್ರತಿಭಟಿಸಿದರು. ಪರಂಪರೆಯೆಂಬುದು ನೋಡಲು ಬರುವವರಿಗೆ ಸೇರಿದ್ದೋ, ಅದರ ಮಡಿಲಲ್ಲಿ ಬಾಳುವವರಿಗೆ ಸೇರಿದ್ದೋ ಎಂಬುದೇ ಅವರೆತ್ತಿದ ಪ್ರಶ್ನೆ.

ಬದುಕಿನ ನಿರಂತರತೆ ಎಂದರೆ ಬದಲಾಗದೆ ಉಳಿಯುವುದಲ್ಲ ಎಂಬುದನ್ನು ಚೊಲುಲಾದ ಮಣ್ಣಿನ ಪದರಗಳು ತೋರಿಸುತ್ತವೆ. ಆದರೆ ಒಂದು ಪದರ ಈಗ ತೆಳುವಾಗುತ್ತಿದೆ. ಮೆಕ್ಸಿಕೊದಲ್ಲಿ ಸುಮಾರು 16 ಲಕ್ಷ ಜನರು ನಹುವಾತ್ಲ್ ಆಡುತ್ತಾರಾದರೂ ಚೊಲುಲಾದ ಬೀದಿಗಳಲ್ಲಿ ಕೇಳಿಬರುವುದು ಬಹುಮಟ್ಟಿಗೆ ಸ್ಪ್ಯಾನಿಷ್. ಇಟ್ಟಿಗೆಯನ್ನು ಅಗೆದು ತೆಗೆಯಬಹುದು. ‘ಕೈಯಿಂದ ಮಾಡಿದ ಬೆಟ್ಟ’ ಎಂಬ ಹೆಸರಿನ ಅರ್ಥ ಉಳಿಯಬೇಕಾದರೆ ಅದನ್ನು ಆಡುವ ನಾಲಿಗೆಗಳೇ ಬೇಕು.