ಮಡಿದ ಮೃಗಕ್ಕೆ ಮರುರೂಪ

ಸತ್ತ ಪ್ರಾಣಿಯ ಚರ್ಮವನ್ನು ಹದಗೊಳಿಸಿ, ಅಚ್ಚಿನಲ್ಲಿ ರೂಪಿಸಿದ ಕಾಗದದ ಒಡಲಿಗೆ ಹೊದಿಸಿ, ಗಾಜಿನ ಕಣ್ಣುಗಳನ್ನಿಟ್ಟು, ಜೀವ ತಳೆದಂತೆ ನಿಲ್ಲಿಸುವ ವಿದ್ಯೆಗೆ ಟ್ಯಾಕ್ಸಿಡರ್ಮಿ ಎಂದು ಹೆಸರು. ಹುಬ್ಬಳ್ಳಿ-ಧಾರವಾಡದ ತರುಣನೊಬ್ಬನು ಇದನ್ನೇ ಪೂರ್ಣಕಾಲದ ಉದ್ಯೋಗವನ್ನಾಗಿ ಕೈಕೊಳ್ಳಬಹುದೆ?

ಉತ್ತರಕ್ಕಾಗಿ ಮೈಸೂರಿನತ್ತ ನೋಡಬೇಕು. 1900ರ ಸುಮಾರಿಗೆ ಯೂಜೀನ್ ವ್ಯಾನ್ ಇಂಗೆನ್ ಅಲ್ಲಿ ಸ್ಥಾಪಿಸಿದ ಕಾರ್ಖಾನೆಯನ್ನು ಅವರ ಮಕ್ಕಳು ಜಗದ್ವಿಖ್ಯಾತಗೊಳಿಸಿದರು. ಮಹಾರಾಜರೂ ಬ್ರಿಟಿಷ್ ಅಧಿಕಾರಿಗಳೂ ಬೇಟೆಯಾಡಿದ ಹುಲಿ-ಚಿರತೆಗಳೇ 43,000ಕ್ಕೂ ಮಿಕ್ಕಿ ಅಲ್ಲಿ ಮರುರೂಪ ಪಡೆದುವೆಂದು ಲೆಕ್ಕ. ಆದರೆ ಬೇಟೆಯೇ ಆ ಉದ್ಯೋಗದ ಉಸಿರು. 1972ರ ವನ್ಯಜೀವಿ ಸಂರಕ್ಷಣಾ ಕಾಯದೆ ಬಂದ ಮೇಲೆ ಕೆಲಸ ಕುಗ್ಗುತ್ತ ನಡೆದು, 1999ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು.

ಇಂದು ಈ ಕಸುಬಿಗೆ ಇಳಿಯುವವನು ಚೂರಿ ಹಿಡಿಯುವ ಮೊದಲು ಕಾಯದೆಯನ್ನು ಓದಬೇಕು. ಸಂರಕ್ಷಿತ ಪ್ರಾಣಿಗಳ ಕೆಲಸಕ್ಕೆ ಪರವಾನಿಗೆ ಅವಶ್ಯ. ಕಾಡಿನಲ್ಲಿ ತಾನಾಗಿ ಸತ್ತು ಬಿದ್ದ ಹುಲಿಯೂ ಸರಕಾರದ ಸ್ವತ್ತು. ಉಳಿದ ದಾರಿ ಕಿರಿದು: ವಸ್ತುಸಂಗ್ರಹಾಲಯಗಳ ಮಾದರಿಗಳು, ಮನೆಯವರು ಮರೆಯಲಾರದ ಸಾಕುನಾಯಿ. ಇವುಗಳಿಂದಲೇ ವರ್ಷವಿಡೀ ಒಲೆ ಉರಿದೀತೆಂಬ ಭರವಸೆಯಿಲ್ಲ. ಮುಂಬಯಿಯ ಡಾ. ಸಂತೋಷ ಗಾಯಕವಾಡರು ಪಶುವೈದ್ಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದುಕೊಂಡೇ ಈ ಕಲೆಯನ್ನು ಸಾಧಿಸಿದರು. ನಮ್ಮ ತರುಣನಿಗೂ ಅದೇ ಕ್ಷೇಮದ ಮಾರ್ಗ: ಅನ್ನಕ್ಕೊಂದು ವೃತ್ತಿಯಿರಲಿ, ಅದರ ಆಸರೆಯಲ್ಲಿ ಈ ವಿದ್ಯೆ ಬೆಳೆಯಲಿ.