ಸರಾಸರಿಯ ಲೆಕ್ಕ, ಹಟ್ಟಿಯ ಹುಡುಗ

ಉನ್ನತ ವಿದ್ಯೆಯ ಪ್ರವೇಶದಲ್ಲಿ ಸಮಾನತೆಯೆಂದರೇನು? ಅಮೆರಿಕದಲ್ಲಿ ಈ ಪ್ರಶ್ನೆ ಬಣ್ಣದ ಸುತ್ತ ಬೆಳೆಯಿತು. ನಮ್ಮಲ್ಲಿ ಜಾತಿಯ ಸುತ್ತ. ಮೈಸೂರು ಸಂಸ್ಥಾನದಲ್ಲಿ ಹಿಂದುಳಿದವರ ಪ್ರಾತಿನಿಧ್ಯವನ್ನು ಕುರಿತು ಮಿಲ್ಲರ್ ಸಮಿತಿ ನೇಮಕಗೊಂಡದ್ದು 1918ರಲ್ಲಿ. ಚರ್ಚೆಗೆ ಶತಮಾನ ಮೀರಿದ ವಯಸ್ಸಾಗಿದೆ.

ಈ ಚರ್ಚೆ ಕಾಲೇಜಿನ ಬಾಗಿಲಲ್ಲಿ ತೀವ್ರವಾದದ್ದು 1962ರಲ್ಲಿ. ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಆಗ ಮುಖ್ಯಮಂತ್ರಿಗಳು. ಆ ವರ್ಷದ ಜುಲೈ ತಿಂಗಳ ಸರ್ಕಾರಿ ಆಜ್ಞೆ ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ನೂರು ಸ್ಥಾನಗಳಲ್ಲಿ 68ನ್ನು ಕಾದಿರಿಸಿತು: ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗಳಿಗೆ 15, ಪರಿಶಿಷ್ಟ ಪಂಗಡಗಳಿಗೆ 3. ಬಾಲಾಜಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿತು. ಜಾತಿಯೊಂದನ್ನೇ ಹಿಂದುಳಿದಿರುವಿಕೆಯ ಒರೆಗಲ್ಲಾಗಿ ಹಿಡಿಯಲಾಗದು, ಮೀಸಲು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆಯಿರಬೇಕು ಎಂಬುದು ಅದರ ಸಾರ.

ಈ ಪ್ರಕರಣದಲ್ಲಿ ಜನ ಮರೆತ ಒಂದು ಅಂಶವುಂಟು. ಯಾರು ಹಿಂದುಳಿದವರೆಂದು ಅಳೆದದ್ದು ಹೇಗೆ? ನಾಗನಗೌಡ ಸಮಿತಿ ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಜಾತಿಯ ಸಾವಿರ ಜನರಿಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆಂದು ಲೆಕ್ಕ ಹಾಕಿತು. ರಾಜ್ಯದ ಸರಾಸರಿ 6.9. ಅಳತೆ ಸರಳ, ಪ್ರಾಮಾಣಿಕ. ಆದರೆ ಸರಾಸರಿಗೆ ಒಂದು ಕುರುಡಿದೆ: ಒಂದೇ ಹೆಸರಿನಡಿ ಬದುಕುವ ಬೇರೆಬೇರೆ ಜನರನ್ನು ಅದು ಬೇರ್ಪಡಿಸಿ ನೋಡದು.

ನಮ್ಮ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ತಾಲ್ಲೂಕುಗಳ ಗೊಲ್ಲರಹಟ್ಟಿಗಳನ್ನೇ ನೋಡಿ. ಊರುಗೊಲ್ಲರನ್ನೂ ಕಾಡುಗೊಲ್ಲರನ್ನೂ 'ಗೊಲ್ಲ'ರೆಂದು ಒಟ್ಟುಗೂಡಿಸಿ ಎಣಿಸಿದರೆ, ಊರಿನ ಶಾಲೆಯ ಪಕ್ಕದ ಮನೆಯ ಹುಡುಗನೂ ಕುರಿಮಂದೆಯ ಹಿಂದೆ ಮೇವು ಅರಸಿ ಹೋಗುವ ಹಟ್ಟಿಯ ಹುಡುಗನೂ ಒಂದೇ ಅಂಕಿಯಲ್ಲಿ ಕರಗಿಹೋಗುತ್ತಾರೆ. ಜುಂಜಪ್ಪ, ಎತ್ತಪ್ಪರನ್ನು ಹಾಡುವ ಕಾಡುಗೊಲ್ಲರು ತಮ್ಮನ್ನು ಪ್ರತ್ಯೇಕವಾಗಿ ಗುರುತಿಸಿ ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಬಹುಕಾಲದಿಂದ ಕೇಳುತ್ತಿರುವುದರ ಹಿಂದೆ ಈ ಸಂಗತಿಯೂ ಇದೆ.

1975ರಲ್ಲಿ ವರದಿಯಿತ್ತ ಹಾವನೂರು ಆಯೋಗ ಎಸ್ಸೆಸ್ಸೆಲ್ಸಿ ತೇರ್ಗಡೆಯಾದವರ ಪ್ರಮಾಣವನ್ನು ಪರಿಶೀಲಿಸಿತು. ಅದೂ ಪರೀಕ್ಷೆಯ ತನಕ ಬಂದವರ ಲೆಕ್ಕವೇ. ಐದನೆಯ ತರಗತಿಯಲ್ಲೇ ಶಾಲೆ ಬಿಟ್ಟವಳು ಎಷ್ಟನೆಯ ಮೆಟ್ಟಿಲಲ್ಲಿ ನಿಂತಳು, ಏಕೆ ನಿಂತಳು ಎಂಬುದನ್ನು ಅಂತಹ ಅಂಕಿ ಹೇಳಲಾರದು.

ಮೀಸಲಾತಿ ಬೇಡವೆಂದು ಇದರರ್ಥವಲ್ಲ. ಅದು ಬಾಗಿಲನ್ನು ತೆರೆದಿಡುವ ನ್ಯಾಯ. ಆದರೆ ಬಾಗಿಲಿನವರೆಗಿನ ಹಾದಿಯನ್ನೂ ಅಳೆಯಬೇಕು: ಹಟ್ಟಿಯಿಂದ ಶಾಲೆಗೆಷ್ಟು ದೂರ, ಹಾಸ್ಟೆಲಿನಲ್ಲಿ ಸ್ಥಳವಿದೆಯೇ, ಮಂದೆ ಹೊರಟಾಗ ಹುಡುಗ ಉಳಿಯಬಲ್ಲನೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕದೆ ಸ್ಥಾನಗಳನ್ನಷ್ಟೇ ಹಂಚಿದರೆ, ಯಾರಿಗಾಗಿ ಸ್ಥಾನ ಕಾದಿರಿಸಿದೆವೋ ಅವರೇ ಅರ್ಜಿ ಹಾಕುವವರ ಸಾಲಿನಲ್ಲಿ ಕಾಣದೆ ಹೋಗುತ್ತಾರೆ.