ಸಿಡುಬು ಮತ್ತು ಸಿಂಹಾಸನ

ಡ್ರೆಸ್ಡೆನ್ ಅರಮನೆಯ ಲಾಯದಂಗಳದ ಹೊರಗೋಡೆಯ ಮೇಲೆ 'ಫ್ಯೂರ್ಸ್ಟೆನ್‌ಟ್ಸೂಗ್', ಅರ್ಥಾತ್ 'ಅರಸರ ಮೆರವಣಿಗೆ' ಎಂಬ ಬೃಹತ್ ಚಿತ್ರವಿದೆ. ಸುಮಾರು 102 ಮೀಟರ್ ಉದ್ದದ ಈ ಚಿತ್ರವು ಮೈಸನ್ ಪಿಂಗಾಣಿಯ ಸುಮಾರು 23,000 ಬಿಲ್ಲೆಗಳಿಂದಾದುದು. ವೆಟ್ಟಿನ್ ವಂಶದ 35 ಅರಸರು ಅದರಲ್ಲಿ ಸಾಲಾಗಿ ಸಾಗುತ್ತಾರೆ. ಅಧಿಕಾರವು ಎಲ್ಲಿಯೂ ಕಡಿಯದೆ ಹರಿದುಬಂದಂತೆ ನೋಡುವವರಿಗೆ ತೋರುತ್ತದೆ. ಆದರೆ ವೈದ್ಯನಾದ ನನಗೆ ಆ ಸಾಲಿನಲ್ಲಿ ಎರಡು ಕಡೆ ಸಿಡುಬಿನ ಕಲೆ ಕಾಣುತ್ತದೆ.

1694ರಲ್ಲಿ ನಾಲ್ಕನೆಯ ಯೋಹಾನ್ ಗೇಯೋರ್ಗ್ ತನ್ನ 25ನೆಯ ವಯಸ್ಸಿನಲ್ಲಿ ಸಿಡುಬಿನಿಂದ ಮಡಿದನು. ಪಟ್ಟಕ್ಕೆ ಬರಬಲ್ಲ ಗಂಡುಸಂತಾನ ಅವನಿಗಿರಲಿಲ್ಲ. ಅಧಿಕಾರ ತಮ್ಮನ ಪಾಲಾಯಿತು. 1697ರಲ್ಲಿ ಪೋಲೆಂಡಿನ ದೊರೆಯಾಗಿಯೂ ಆಯ್ಕೆಯಾದ 'ಬಲಶಾಲಿ' ಆಗಸ್ಟ್ ಈತನೇ. 1763ರ ಅಕ್ಟೋಬರಿನಲ್ಲಿ ಪಟ್ಟಕ್ಕೆ ಬಂದ ಫ್ರೀಡ್ರಿಖ್ ಕ್ರಿಸ್ಟಿಯಾನ್, ಡಿಸೆಂಬರ್ 17ರಂದು ಅದೇ ರೋಗಕ್ಕೆ ಬಲಿಯಾದನು. ಅವನ ಮಗನಿಗೆ ಇನ್ನೂ 13 ತುಂಬಿರಲಿಲ್ಲ. 1768ರವರೆಗೆ ಚಿಕ್ಕಪ್ಪ ಕ್ಸಾವರ್ ಅವನ ಹೆಸರಿನಲ್ಲಿ ರಾಜ್ಯವಾಳಿದನು.

ಇಂಥ ಆಕಸ್ಮಿಕಕ್ಕೆ ಅಜ್ಟೆಕ್ಕರ ಪದ್ಧತಿ ಬೇರೆಯೇ ಉತ್ತರ ಕೊಟ್ಟಿತ್ತು. ಅವರ ಅರಸನಿಗೆ 'ತ್ಲಾತೋವಾನಿ', ಅಂದರೆ 'ಮಾತನಾಡುವವನು' ಎಂದು ಹೆಸರು. ಹಿರಿಯ ಮಗನಿಗೇ ಪಟ್ಟವೆಂಬ ಕಟ್ಟಳೆಯಿರಲಿಲ್ಲ. ರಾಜವಂಶದ ಸಮರ್ಥ ಪುರುಷರಲ್ಲಿ ಒಬ್ಬನನ್ನು ಪ್ರಮುಖರು ಆರಿಸುತ್ತಿದ್ದರು. 1469ರಿಂದ 1502ರವರೆಗೆ ಅಷಾಯಾಕಾಟ್ಲ್, ತಿಸೋಕ್, ಅವಿಟ್ಸೋಟ್ಲ್ ಎಂಬ ಮೂವರು ಸಹೋದರರು ಒಬ್ಬರ ನಂತರ ಒಬ್ಬರು ಆಳಿದರು. ಬಳಿಕ ಪಟ್ಟವೇರಿದ ಎರಡನೆಯ ಮೊಕ್ಟೆಜುಮಾ ಅಷಾಯಾಕಾಟ್ಲನ ಮಗ. 1520ರಲ್ಲಿ ಅವನು ಮಡಿದಾಗ ಸಹೋದರ ಕ್ವಿಟ್ಲಾವಾಕ್ ಅರಸನಾದನು. ಸ್ಪೇನಿನವರೊಡನೆ ಬಂದ ಸಿಡುಬು ಸುಮಾರು 80 ದಿನಗಳಲ್ಲಿ ಅವನನ್ನೂ ಕೊಂಡೊಯ್ದಿತು. ಆಗಲೂ ಗದ್ದುಗೆ ಮಗುವಿನ ಕೈಗೆ ಹೋಗಲಿಲ್ಲ. ಅವಿಟ್ಸೋಟ್ಲನ ಮಗ, ಯುವಯೋಧ ಕ್ವಾವ್ಟೆಮೋಕ್ ಆಯ್ಕೆಯಾದನು. ಆದರೆ ಉತ್ತರಾಧಿಕಾರಿಯನ್ನು ಒದಗಿಸಿದ ಪದ್ಧತಿಯು ರೋಗದಿಂದ ಕುಸಿದ ಪ್ರಜೆಗಳನ್ನು ಮರಳಿ ಕೊಡಲಾರದಾಯಿತು. 1521ರ ಆಗಸ್ಟ್ 13ರಂದು ತೆನೋಚ್ಟಿಟ್ಲಾನ್ ಪತನವಾಯಿತು.

ಬಾಲಕನ ಪಟ್ಟ ನಮಗೇನೂ ಅಪರಿಚಿತವಲ್ಲ. 1799ರಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದಾಗ ಅವರಿಗಿನ್ನೂ ಐದು ವರ್ಷ. ಆಡಳಿತದ ಹೊಣೆಯನ್ನು ದಿವಾನ್ ಪೂರ್ಣಯ್ಯನವರು ಹೊತ್ತರು. ಜನ್ಮಕ್ರಮವು ವಾರಸುದಾರನನ್ನು ನಿಶ್ಚಯಿಸುತ್ತದೆ, ಸಾಮರ್ಥ್ಯವನ್ನಲ್ಲ. ಆಯ್ಕೆಯ ಕ್ರಮವು ಸಾಮರ್ಥ್ಯವನ್ನು ಹುಡುಕುತ್ತದೆ, ಆದರೆ ದಾಯಾದಿಗಳ ಪೈಪೋಟಿಗೆ ಬಾಗಿಲು ತೆರೆಯುತ್ತದೆ. ಎರಡಕ್ಕೂ ನಿಜವಾದ ಪರೀಕ್ಷೆ ಅರಸನ ಅಕಾಲ ಮರಣದ ದಿನ.

ಸಿಡುಬು ಜಗತ್ತಿನಿಂದ ಅಳಿಯಿತೆಂದು 1980ರಲ್ಲಿ ಘೋಷಣೆಯಾಯಿತು. ಅದು ಬರೆದ ವಂಶಾವಳಿ ಮಾತ್ರ ಡ್ರೆಸ್ಡೆನ್ನಿನ ಗೋಡೆಯ ಮೇಲೆ ಹಾಗೆಯೇ ಉಳಿದಿದೆ.